ಸೆರೆಯಿಂದ ಬರುವ ಓಲೆ
(ಸಿ.ವಿ. ರಾಮನ್ ನಗರದಲ್ಲಿ ಮಾಡಿದ ಭಾಷಣ)



ಹಾರಿಬಂದ ಗುಂಡಿನ ಜಾಡನ್ನು ಹಿಡಿದು, ಅದನ್ನು ಹಾರಿಸಿದ ಫಿರಂಗಿ ಎಲ್ಲಿದೆಯೆಂದು ಹೇಳುವ ‘ಸ್ವಾತಿ’ ರಾಡಾರು ರೂಪುಗೊಂಡದ್ದು ಇದೇ ನಗರದ ರಕ್ಷಣಾ ಪ್ರಯೋಗಶಾಲೆಯಲ್ಲಿ. ಆದರೆ ಫಿರಂಗಿಯ ಹಿಂದೆ ನಿಂತವನ ಮನೆಗೆ ಯಾವ ಸುದ್ದಿ ಹೋಯಿತೆಂಬುದನ್ನು ಯಾವ ಯಂತ್ರವೂ ಹೇಳದು. ಅದಕ್ಕೆ ಓಲೆಗಳೇ ಗತಿ.

1857ರ ತರುವಾಯ ಬೆಟ್ಟದ ಸಣ್ಣ ತೋಪುಗಳ ಹೊರತು ಬೇರೆ ತೋಪುಗಳನ್ನು ತಮ್ಮ ಸೇನೆಯ ಭಾರತೀಯರ ವಶಕ್ಕೆ ಕೊಡಲು ಆಂಗ್ಲರು ಬಹುಕಾಲ ಅಂಜಿದರು. ಆ ಅಂಜಿಕೆ ಸಡಿಲಿ, ಭಾರತೀಯರ ಮೊದಲನೆಯ ಮೈದಾನ ಫಿರಂಗಿದಳವು ಹುಟ್ಟಿದ್ದು 1935ರ ಜನವರಿ 15ರಂದು, ನಮ್ಮ ಬೆಂಗಳೂರಿನಲ್ಲಿ. ಇಲ್ಲಿಯ ದಂಡುಪ್ರದೇಶವಾದರೋ ಮೈಸೂರಿನ ನೆಲವಾಗಿದ್ದರೂ 1947ರವರೆಗೆ ರೆಸಿಡೆಂಟನ ಆಡಳಿತದಲ್ಲಿತ್ತು!

ಭಾರತೀಯ ಫಿರಂಗಿ ಅಧಿಕಾರಿಗಳ ಮೊದಲ ಪೀಳಿಗೆಯವರಲ್ಲಿ ಪಿ.ಪಿ. ಕುಮಾರಮಂಗಲಂ ಒಬ್ಬರು. ತಂದೆ ಸುಬ್ಬರಾಯನ್ ತಮಿಳುನಾಡಿನ ಜಮೀನುದಾರರು. ತಾಯಿ ರಾಧಾಬಾಯಿಯವರೋ ನಮ್ಮ ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತು ಮಾತನಾಡಿದ ಧೀಮಂತೆ. 1942ರ ಮೇ 27ರಂದು ಲಿಬಿಯದ ಬೀರ್ ಹಕೀಮಿನ ಮರಳುಗಾಡಿನಲ್ಲಿ ಶತ್ರುವಿನ ಟ್ಯಾಂಕುಗಳಿಗೆ ಎದೆಗೊಟ್ಟು ಮಗನು ಡಿ.ಎಸ್.ಓ. ಪದಕವನ್ನು ಪಡೆದನು. ಬಳಿಕ ಸೆರೆಸಿಕ್ಕಿದನು, ಇಟಲಿಯಲ್ಲಿ ತಪ್ಪಿಸಿಕೊಂಡು, ಮತ್ತೆ ಹಿಡಿಯಲ್ಪಟ್ಟು ಜರ್ಮನಿಯ ಶಿಬಿರವನ್ನು ಸೇರಿದನು. ಇತ್ತ ಅವನ ತಮ್ಮ ಮೋಹನನನ್ನು 1941ರಲ್ಲಿ ಮದರಾಸು ಒಳಸಂಚಿನ ಮೊಕದ್ದಮೆಯಲ್ಲಿ ಬ್ರಿಟಿಷರೇ ಬಂಧಿಸಿದ್ದರು. ಒಬ್ಬ ಮಗನನ್ನು ಸೆರೆಗೆ ತಳ್ಳಿದ ಸರಕಾರಕ್ಕಾಗಿ ಇನ್ನೊಬ್ಬ ಮಗನು ಕಾದಾಡಿ ಸೆರೆಯಾದನು. ಪರಾಧೀನ ದೇಶದ ತಾಯಿಯ ಪಾಡನ್ನು ಇದಕ್ಕಿಂತ ಬಿಡಿಸಿ ಹೇಳಬೇಕೇ?

1929ರ ಜಿನೀವಾ ಒಪ್ಪಂದದಂತೆ, ಸೆರೆಯಾಳು ಶಿಬಿರವನ್ನು ಮುಟ್ಟಿದ ಒಂದು ವಾರದೊಳಗೆ ತನ್ನ ಸೆರೆಯನ್ನೂ ದೇಹಸ್ಥಿತಿಯನ್ನೂ ತಿಳಿಸುವ ಒಂದು ಕಾರ್ಡನ್ನು ಮನೆಗೆ ಬರೆಯಬಹುದಾಗಿತ್ತು. ಸೆರೆಯಾಳಿನ ಓಲೆಯು ಸಾಮಾನ್ಯವಾಗಿ ಅವನ ಮಾತೃಭಾಷೆಯಲ್ಲಿರತಕ್ಕದ್ದೆಂದೂ ಅದೇ ಒಪ್ಪಂದದಲ್ಲಿದೆ. ವಿಚಿತ್ರವನ್ನು ನೋಡಿರಿ: ಶತ್ರುವಿನ ಮುಳ್ಳುತಂತಿಯೊಳಗೆ ತಾಯ್ನುಡಿಗೆ ಹಕ್ಕುಂಟು; ಆ ಹೊತ್ತಿನಲ್ಲಿ ಕನ್ನಡ ನೆಲದೊಳಗೆ ಕನ್ನಡಕ್ಕೆ ಒಂದು ಪ್ರಾಂತವಿಲ್ಲ. ಮಂಗಳೂರು ಮದರಾಸಿಗೆ, ಬೆಳಗಾವಿ ಮುಂಬಯಿಗೆ, ಕೊಡಗು ಚೀಫ್ ಕಮಿಷನರನಿಗೆ! ಒಂದೇ ನಾಡಿನ ಯೋಧರು ಹಲವು ಪ್ರಾಂತಗಳ ಲೆಕ್ಕದಲ್ಲಿ ಹಂಚಿಹೋಗಿದ್ದರು. ಕೊಡಗಿಗೆ ಮಾತ್ರ ತನ್ನ ಹೆಸರಿನ ಪಡೆಯೊಂದು ದಕ್ಕಿತು: 1942ರಲ್ಲಿ ಕಾಲಾಳುಪಡೆಯಾಗಿ ಹುಟ್ಟಿ, 1946ರಲ್ಲಿ ಟ್ಯಾಂಕುನಾಶಕ ತೋಪುಗಳನ್ನು ಹಿಡಿದ 37ನೆಯ ಕೂರ್ಗ್ ಫಿರಂಗಿದಳ. ನಾಡು ಒಂದಾದದ್ದು 1956ರ ನವೆಂಬರ್ 1ರಂದು.

ರಣರಂಗದ ಓಲೆಯಲ್ಲಿ ಊರಿನ ಹೆಸರು, ದಳದ ಚಲನೆ ಯಾವುದನ್ನೂ ಬರೆಯುವಂತಿರಲಿಲ್ಲ. ಬರೆದರೆ ಸೆನ್ಸಾರಿನವನು ಅಳಿಸುತ್ತಿದ್ದನು. ಅವನ ಮಸಿಗೆ ಸಿಕ್ಕದೆ ಉಳಿಯುತ್ತಿದ್ದುದು ನಮ್ಮ ಹಳೆಯ ‘ಉಭಯಕುಶಲೋಪರಿ’. ಅದನ್ನು ಬರಿಯ ಶಿಷ್ಟಾಚಾರವೆಂದು ನಗುವವರು, ಮಗನ ಕಾರ್ಡಿಗಾಗಿ ಬಾಗಿಲಲ್ಲಿ ಕಾದು ನಿಂತವರನ್ನು ಕೇಳಬೇಕು.

ಉಪಾಧ್ಯಾಯರೆ, ಇಂಥ ಓಲೆಗಳು ನಿಮ್ಮ ವಿದ್ಯಾರ್ಥಿಗಳ ಮನೆಯ ಟ್ರಂಕುಗಳಲ್ಲಿ ಇದ್ದರೆ ಕೇಳಿ ಪ್ರತಿ ಮಾಡಿಸಿರಿ. ಲಕೋಟೆಯನ್ನು ಎಸೆಯಗೊಡಬೇಡಿ. ಒಳಗಿನ ಬರಹವು ಮುಚ್ಚಿಟ್ಟ ಊರಿನ ಸುಳಿವನ್ನು ಎಷ್ಟೋ ವೇಳೆ ಮೇಲಿನ ಸೇನಾ ಅಂಚೆಯ ಮುದ್ರೆಯೇ ಕೊಡುತ್ತದೆ.