ಗಂಡು ಬೆಕ್ಕಿಗೆ ಮರಿ ಆಗ್ತಿಲ್ವಾ? ಮೊದಲು ಸುಲಭದ್ದನ್ನ ನೋಡಿ

ಪುಣೆಯ ನಮ್ಮ ಮನೆಯ ಪರ್ಷಿಯನ್ ಗಂಡು ಬೆಕ್ಕನ್ನು ಮೂರು ಸಲ ಹೆಣ್ಣಿನ ಜೊತೆ ಬಿಟ್ಟರೂ ಮರಿ ಆಗಲಿಲ್ಲ. ಪರಿಚಯದವರೊಬ್ಬರು "ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡಿಸಿಬಿಡಿ" ಅಂದ್ರು. ನಾನೂ ಒಪ್ಪಿಬಿಟ್ಟಿದ್ದೆ. ಪುಣ್ಯಕ್ಕೆ ಡಾಕ್ಟರ್ ತಡೆದರು. ಹೊರಗಿನಿಂದ ಕೊಟ್ಟ ಆ ಹಾರ್ಮೋನು ವೀರ್ಯಾಣು ಉತ್ಪತ್ತಿಯನ್ನೇ ತಗ್ಗಿಸುತ್ತಂತೆ!

ನಾವು ಬಗ್ ಹುಡುಕೋ ಹಾಗೆ ಅವರು ಒಂದೊಂದಾಗಿ ನೋಡಿದರು. ಹೆಣ್ಣು ಸರಿಯಿದೆಯೇ? ಹೆಣ್ಣು ಬೆಕ್ಕಿಗೆ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆ ಆಗೋದು. ಒಂದೇ ಸಲ ಕೂಡಿದರೆ ಸಾಲದೇ ಇರಬಹುದು. ವೃಷಣ ಕೆಳಗಿಳಿದಿವೆಯೇ? ಎರಡೂ ಹೊಟ್ಟೆಯೊಳಗೇ ಉಳಿದರೆ ಮರಿ ಆಗಲ್ಲ. ಕಪ್ಪು, ಕೇಸರಿ ಬಣ್ಣ ಬೆರೆತ ಗಂಡೇ? ಅಂಥವುಗಳಲ್ಲಿ ಹೆಚ್ಚಾಗಿ 38ರ ಬದಲು 39 ಕ್ರೋಮೋಸೋಮ್ ಇರುತ್ತೆ, ಎಕ್ಸ್‌ಎಕ್ಸ್‌ವೈ. ಅದಕ್ಕೆ ಚಿಕಿತ್ಸೆ ಇಲ್ಲ.

ನಮ್ಮವನಲ್ಲಿ ಸಿಕ್ಕಿದ್ದೇನು ಗೊತ್ತಾ? ಶಿಶ್ನದ ಬುಡಕ್ಕೆ ಉಂಗುರದ ಹಾಗೆ ಸುತ್ತಿಕೊಂಡಿದ್ದ ಕೂದಲು! ಅದರಿಂದ ಕೂಡೋದೇ ಪೂರ್ತಿ ಆಗ್ತಿರಲಿಲ್ಲ. ಮೆಲ್ಲಗೆ ಜಾರಿಸಿ ತೆಗೆದರು, ಅಷ್ಟೇ.

ಇನ್ನೊಂದು ಮಾತು. ವೀರ್ಯ ಪರೀಕ್ಷೆ ಒಮ್ಮೆ ಸರಿ ಬರದಿದ್ದರೆ ಕೈಬಿಡಬೇಡಿ. ಹೊಸ ವೀರ್ಯಾಣು ತಯಾರಾಗಲು ಸಮಯ ಬೇಕು, ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಮೊದಲು ಪರೀಕ್ಷೆ, ಆಮೇಲೆ ಔಷಧಿ.