ಕಂಪನಿಗೆ ಮನಸ್ಸು ಇದೆಯಾ?

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲಿದ್ದು ಕೇಳ್ತಾ ಇದ್ದರೂ ಈ ಮಾತುಗಳು ನಿಮ್ಮ ಕಿವಿಗೆ ಬಿದ್ದೇ ಇರುತ್ತವೆ. "ಮ್ಯಾನೇಜ್‌ಮೆಂಟ್ ಡಿಸೈಡ್ ಮಾಡಿಬಿಟ್ಟಿದೆ." "ಸೊಸೈಟಿ ಬ್ಯಾಚುಲರ್ಸ್‌ನ ಒಪ್ಪಲ್ಲ." "ಈ ಸೌತ್‌ನವರೆಲ್ಲ ಹೀಗೇ." ಮೂರರಲ್ಲೂ ಲೆಕ್ಕ ಒಂದೇ: ನೂರಾರು ಜನ, ಆದರೆ ಮನಸ್ಸು ಮಾತ್ರ ಒಂದು.

ಹೀಗೆ ಯಾಕೆ ಅನ್ನಿಸುತ್ತೆ? ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಬೆಲ್ 1958ರಲ್ಲೇ ಇದನ್ನ ವಿವರಿಸಿದ್ರು. ಹತ್ತಿರ ಹತ್ತಿರ ಇರೋರು, ಒಂದೇ ಥರ ಕಾಣೋರು, ಸುಖ ದುಃಖ ಒಟ್ಟಿಗೇ ಅನುಭವಿಸೋರು ನಮಗೆ ಒಂದೇ ವಸ್ತುವಾಗಿ ತೋರುತ್ತಾರೆ, ಹಕ್ಕಿಗಳ ಹಿಂಡಿನ ಹಾಗೆ.

2008ರಲ್ಲಿ ಜೋಶುವಾ ನೋಬ್ ಮತ್ತು ಜೆಸ್ಸಿ ಪ್ರಿಂಜ್ ಇನ್ನೊಂದು ಮಜಾ ತೋರಿಸಿದ್ರು. ಕಂಪನಿ ಹೊಸ ಪ್ರಾಡಕ್ಟ್ ತರೋ ಉದ್ದೇಶದಲ್ಲಿದೆ ಅಂದ್ರೆ ಜನಕ್ಕೆ ಸಹಜ ಅನ್ನಿಸುತ್ತೆ. ಕಂಪನಿಗೆ ತುಂಬಾ ಖುಷಿ ಆಗ್ತಿದೆ ಅಂದ್ರೆ ವಿಚಿತ್ರ ಅನ್ನಿಸುತ್ತೆ. ಅಂದ್ರೆ ಗುಂಪಿಗೆ ನಾವು ಬುದ್ಧಿ ಕೊಡ್ತೀವಿ, ಹೃದಯ ಕೊಡಲ್ಲ.

ಮುಖ್ಯವಾದದ್ದು ಮುಂದಿದೆ. 2012ರಲ್ಲಿ ಆಡಮ್ ವೇಟ್ಸ್ ಮತ್ತು ಲಿಯಾನ್ ಯಂಗ್ ಕಂಡುಕೊಂಡಿದ್ದು: ಗುಂಪಿಗೆ ಹೆಚ್ಚು ಮನಸ್ಸು ಕೊಟ್ಟಷ್ಟೂ, ಒಳಗಿರೋ ವ್ಯಕ್ತಿಗಳಿಗೆ ಕಮ್ಮಿ ಕೊಡ್ತೀವಿ.

ಇದರ ಪೆಟ್ಟು ಎಲ್ಲಿ ಬೀಳುತ್ತೆ? ಲೇಆಫ್ ಮೇಲ್ ನೋಡಿ. "ಕಂಪನಿ ಕಠಿಣ ನಿರ್ಧಾರ ತೆಗೆದುಕೊಂಡಿದೆ." ಪಟ್ಟಿ ಬರೆದೋರು ಯಾರು, ಬೇಡ ಅಂದೋರು ಯಾರು, ಎಲ್ಲ ಮಾಯ. ಕೇಳೋಕೆ ಎದುರಿಗೆ ಒಬ್ಬ ಮನುಷ್ಯನೂ ಉಳಿಯಲ್ಲ.

ನಾವೇನೂ ಕಮ್ಮಿ ಇಲ್ಲ. "ಈ ಊರಿನವರೇ ಹೀಗೆ" ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ಅದೇ ನಮ್ಮ ರಾಜ್ಯೋತ್ಸವದ ಊಟಕ್ಕೆ ಜೋಳದ ರೊಟ್ಟಿನಾ, ಬಿಸಿಬೇಳೆ ಬಾತಾ, ನೀರುದೋಸೆನಾ ಅಂತ ತೀರ್ಮಾನ ಆಗೋಕೆ ಮೂರು ಮೀಟಿಂಗ್ ಬೇಕು! ನಮ್ಮೊಳಗಿನ ಜಗಳ ನಮಗೆ ಗೊತ್ತು, ಅವರೊಳಗಿನದು ಕಾಣಿಸಲ್ಲ, ಅಷ್ಟೇ.

ಹಾಗಂತ ಗುಂಪು ನಿರ್ಧಾರ ಮಾಡೋದೇ ಇಲ್ಲ ಅಂತಲ್ಲ. ಬೋರ್ಡ್ ಮತ ಹಾಕುತ್ತೆ, ಕಾನೂನು ಕಂಪನಿಯನ್ನ ಒಬ್ಬ ವ್ಯಕ್ತಿ ಅಂತಲೇ ನೋಡುತ್ತೆ. ಅದಕ್ಕೇ ಕೇಳಬೇಕಾದ ಪ್ರಶ್ನೆ ಒಂದೇ: ಯಾರು, ಯಾವಾಗ, ಹೇಗೆ ತೀರ್ಮಾನ ಮಾಡಿದ್ರು? "ಸೊಸೈಟಿ ಒಪ್ಪಲ್ಲ" ಅಂದ್ರೆ, ಜನರಲ್ ಬಾಡಿಯಲ್ಲಿ ಠರಾವು ಆಗಿದೆಯಾ ಅಂತ ಸಮಾಧಾನವಾಗಿ ವಿಚಾರಿಸಿ. ಇದ್ದರೆ ತೋರಿಸ್ತಾರೆ. ಇಲ್ಲದಿದ್ದರೆ ಅದು ಸೆಕ್ರೆಟರಿ ಸಾಹೇಬರೊಬ್ಬರ ಅಭಿಪ್ರಾಯ ಇರಬಹುದು. ಒಬ್ಬ ಮನುಷ್ಯನ ಜೊತೆ ಮಾತಾಡಬಹುದು, ಮನಸ್ಸು ಬದಲಾಯಿಸಲೂಬಹುದು.