ಹೊಟ್ಟೆ ಬರುವ ವಯಸ್ಸು ಇದಲ್ಲ

ಮದುವೆಯಾದ ವರ್ಷದೊಳಗೆ ಹುಡುಗನ ಹೊಟ್ಟೆ ಮುಂದೆ ಬಂದರೆ ನಮ್ಮ ಮನೆಗಳಲ್ಲಿ ಹಿರಿಯರಿಗೆ ಖುಷಿ. 'ಈಗ ಮೈಕೈ ತುಂಬಿಕೊಂಡಿದ್ದಾನೆ' ಎನ್ನುತ್ತಾರೆ. ಅವರ ಪ್ರೀತಿಗೆ ನಮಸ್ಕಾರ. ಆದರೆ ಕೈಕಾಲು ಸಣಕಲಾಗಿಯೇ ಉಳಿದು ಹೊಟ್ಟೆ ಮಾತ್ರ ಬೆಳೆದಿದ್ದರೆ ಅದು ಆರೋಗ್ಯದ ಲಕ್ಷಣವಲ್ಲ. ಇಪ್ಪತ್ತು, ಮೂವತ್ತರ ಆಸುಪಾಸಿನ ಗೆಳೆಯ ಗೆಳತಿಯರೇ, ಈ ಮಾತು ನಿಮಗೆ.

'ನನ್ನ ತೂಕ ಸರಿಯಾಗಿಯೇ ಇದೆಯಲ್ಲ' ಎನ್ನುವವರು 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಫೋಟೊದ ಕಥೆ ಕೇಳಬೇಕು. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅದರಲ್ಲಿ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ 22.3. ನೋಡಲು ಇಬ್ಬರೂ ತೆಳ್ಳಗೇ. ಆದರೆ ಯುಡ್ಕಿನ್ ಮೈಯಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಭಾರತೀಯರ ಮೈಯ ಗುಟ್ಟು ಇದು: ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಭಾಗದಲ್ಲಿ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ.

ಬೆರಳಲ್ಲಿ ಹಿಡಿದರೆ ಸಿಗುವ, ಚರ್ಮದ ಕೆಳಗಿನ ಕೊಬ್ಬಿನಿಂದ ಅಷ್ಟು ಭಯವಿಲ್ಲ. ಕರುಳಿನ ಸುತ್ತ ಒಳಗೆ ಸೇರಿಕೊಳ್ಳುವ ಕೊಬ್ಬೇ ಅಪಾಯಕಾರಿ. ಅದು ಸುಮ್ಮನೆ ಕೂರುವುದಿಲ್ಲ. ಅಲ್ಲಿಂದ ಹೊರಟ ಕೊಬ್ಬಿನಾಮ್ಲಗಳು ನೇರವಾಗಿ ಲಿವರ್ ಸೇರುತ್ತವೆ. ಲಿವರ್‌ನಲ್ಲೇ ಕೊಬ್ಬು ತುಂಬುತ್ತದೆ, ಇನ್ಸುಲಿನ್ ಮಾತು ನಡೆಯದಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸಿ ಕೊನೆಗೆ ಸೋಲುತ್ತದೆ. ಆಗ ಬರುವುದೇ ಸಕ್ಕರೆ ಕಾಯಿಲೆ. ಜತೆಗೆ ಬಿಪಿ, ರಕ್ತದಲ್ಲಿ ಏರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ. ಹೆಣ್ಣುಮಕ್ಕಳಲ್ಲಿ ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಇದ್ದರೆ ಅದೂ ಬಿಗಡಾಯಿಸುತ್ತದೆ. ಇಷ್ಟೆಲ್ಲ ನಡೆಯುವಾಗ ವರ್ಷಗಟ್ಟಲೆ ಎಲ್ಲೂ ನೋವಿರುವುದಿಲ್ಲ. ಅದಕ್ಕೇ ನಾವು ಮೋಸಹೋಗುವುದು.

ಹೃದಯದ ವಿಷಯಕ್ಕೆ ಬಂದರೆ, 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಇದ್ದರು. ಅದರ ಪ್ರಕಾರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53, ಉಳಿದವರಲ್ಲಿ 59. ಐವತ್ಮೂರೆಂದರೆ ಮಕ್ಕಳ ಓದು ಮುಗಿದಿರುವುದಿಲ್ಲ, ಮನೆ ಸಾಲ ತೀರಿರುವುದಿಲ್ಲ. ಅಪಾಯವನ್ನು ಬಿಎಂಐಗಿಂತ ಸೊಂಟದ ಅಳತೆಯೇ ಚೆನ್ನಾಗಿ ತೋರಿಸುತ್ತದೆ ಎಂದೂ ಆ ಅಧ್ಯಯನ ಕಂಡುಕೊಂಡಿತು.

ಹಾಗಾದರೆ ಅಳೆಯಿರಿ. ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬಟ್ಟೆ ಸರಿಸಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಸುತ್ತಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80: ಭಾರತೀಯರಿಗೆ ಇದು ಗಡಿ. ಪ್ಯಾಂಟಿನ ಸೈಜು ನಂಬಬೇಡಿ, ಹೊಟ್ಟೆಯ ಕೆಳಗೆ ಕಟ್ಟಿದ ಬೆಲ್ಟು ಸತ್ಯ ಹೇಳುವುದಿಲ್ಲ. ಉಡಿದಾರ ಕಟ್ಟುವವರಿಗಂತೂ ಅದು ಬಿಗಿಯಾದಾಗಲೇ ಗೊತ್ತಾಗಿರುತ್ತದೆ.

ಈ ಕೊಬ್ಬು ಕರಗಿಸುವ ದಾರಿ ಇದೆ. ಹೊಟ್ಟೆಗೆ ಸುತ್ತುವ ಬೆಲ್ಟು, ಜಾಹೀರಾತಿನ ಟೀ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಬರೀ ಸಿಟ್‌ಅಪ್ ಹೊಡೆದರೂ ಹೊಟ್ಟೆಯ ಕೊಬ್ಬಷ್ಟೇ ಹೋಗುವುದಿಲ್ಲ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯು ಬಲಿಯುವ ಕಸರತ್ತು ಬೇಕು. ನಮ್ಮ ಗರಡಿಮನೆಗಳ ದಂಡೆ, ಬಸ್ಕಿಗೆ ಮನೆಯ ಅಂಗಳ ಸಾಕು, ಜಿಮ್ ಫೀಜು ಬೇಡ. ತಟ್ಟೆಯಲ್ಲಿ ಅನ್ನದ ರಾಶಿ ಅರ್ಧಕ್ಕಿಳಿಯಲಿ, ಆ ಜಾಗಕ್ಕೆ ಹುರುಳಿಕಾಳಿನ ಪಲ್ಯ, ಸೊಪ್ಪು, ಮೊಟ್ಟೆ ಬರಲಿ. ರಾಗಿ ಒಳ್ಳೆಯದೆಂದು ಮೂರು ಮುದ್ದೆ ಉಣ್ಣುವುದೂ ಬೇಡ. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಬಿರಿಯಾನಿ ಆರ್ಡರ್ ಮಾಡುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಎಂಬತ್ತು ಕಿಲೋ ಇರುವವರು ನಾಲ್ಕೈದು ಕಿಲೋ ಇಳಿದರೂ ಲಿವರ್‌ನ ಕೊಬ್ಬು ಕರಗುತ್ತದೆ, ಸಕ್ಕರೆಯ ಹತೋಟಿಯೂ ಸುಲಭವಾಗುತ್ತದೆ. ಈ ವಯಸ್ಸಿನಲ್ಲಿ ಮೈ ಮಾತು ಕೇಳುತ್ತದೆ. ಕೇಳುವಾಗ ಕೇಳಿಸಿ!

ಅಳತೆ ಗಡಿ ದಾಟಿದ್ದರೆ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಈ ವಾರವೇ ಹೋಗಿ ಬನ್ನಿ, ಮನೆಯವರನ್ನೂ ಕರೆದುಕೊಂಡು ಹೋಗಿ.